ಇಲ್ಲದ ಊರಿನ ಉಡುಪು

ವಾರವೆಲ್ಲ ಕೂತು ಓದಿದ ಪಾಠ ಪರೀಕ್ಷೆಗೆ ಬರದೇ ಹೋದರೆ ಹೊಟ್ಟೆಯೊಳಗೆ ಏನಾಗುತ್ತದೆ ಎನ್ನುವುದು ನನಗೆ ಮರೆತೇ ಹೋಗಿತ್ತು. ಅರವತ್ತಾರರ ವಯಸ್ಸಿನಲ್ಲಿ, ಫ್ಲಾರಿಡಾದ ಬಿಸಿಲಲ್ಲಿ, ನಾರ್ವೆಯ ಹುಡುಗಿಯೊಬ್ಬಳು ಅದನ್ನು ನೆನಪು ಮಾಡಿಕೊಟ್ಟಳು.

ಮಗಳು ಎಪ್‌ಕಾಟ್ ಎಂಬ ಡಿಸ್ನಿಯವರ ಥೀಮ್ ಪಾರ್ಕಿಗೆ ಟಿಕೆಟ್ ತೆಗೆದಿದ್ದಳು. ಅಲ್ಲಿ ಒಂದು ಕೊಳ, ಅದರ ಸುತ್ತ ಮಾದರಿಯಾಗಿ ಕಟ್ಟಿದ ಹನ್ನೊಂದು ದೇಶ. ಪೂರ್ತಿ ಒಂದು ಸುತ್ತು ಹಾಕಿದರೂ ಎರಡು ಕಿಲೋಮೀಟರ್ ಆಗುವುದಿಲ್ಲ. ವೀಸಾಕ್ಕೆಂದು ಕೈಕಟ್ಟಿ ನಿಲ್ಲದೆ ಬೆಳಗಿನ ವಾಕಿಂಗಿನಲ್ಲೇ ಜಪಾನು ಜರ್ಮನಿ ಮುಗಿಸಬಹುದು. ಹೋಗುವ ಜಾಗದ ಬಗ್ಗೆ ಮೊದಲೇ ಓದಿಕೊಂಡು ಹೋಗುವುದು ನನಗಿರುವ ರೋಗ. ಹಿಂದೊಮ್ಮೆ ಬೇಲೂರಿನಲ್ಲಿ ಗೈಡನ್ನು ನಾಲ್ಕು ಸಲ ತಿದ್ದಿದ್ದಕ್ಕೆ ಅವನು, "ಸಾರ್, ನೀವೇ ಹೇಳ್ತಾ ಹೋಗಿ, ನಾನು ಕೇಳ್ತೀನಿ" ಎಂದು ಪಕ್ಕದ ಜಗಲಿಯ ಮೇಲೆ ಕೂತುಬಿಟ್ಟಿದ್ದ. ಈ ಸಲ ನನ್ನ ಕೈಗೆ ಸಿಕ್ಕಿದ್ದು ನಾರ್ವೆಯವರ ಬುನಾದ್.

ಹಬ್ಬದ ಉಡುಪು ಅದು. ಊರೂರಿಗೆ ಬೇರೆ ಬಣ್ಣ, ಬೇರೆ ಕಸೂತಿ. ಹಾರ್ಡಾಂಗೆರ್ ಕಡೆಯದಾದರೆ ಕೆಂಪು ರವಿಕೆ, ಎದೆಗೆ ಮಣಿಯ ಪಟ್ಟಿ, ಮುಂದೆ ಬಿಳಿ ಏಪ್ರನ್ನು. 1814ರಲ್ಲಿ ಅವರ ಸಂವಿಧಾನ ಬಂದ ದಿನ ಮೇ 17. ಪ್ರತಿವರ್ಷ ಅವತ್ತು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಅದನ್ನು ತೊಟ್ಟು ಬೀದಿಗೆ ಬರುತ್ತಾರೆ. ಬಂದಮೇಲೆ ಸುಮ್ಮನಿರುತ್ತಾರೆಯೇ? ಒಬ್ಬಳ ಬೆಳ್ಳಿ ಬ್ರೂಚು ಪಕ್ಕದ ಜಿಲ್ಲೆಯದು, ಇನ್ನೊಬ್ಬಳ ಕಾಲುಚೀಲದ ಬಣ್ಣ ಸರಿಯಿಲ್ಲ, ಮತ್ತೊಬ್ಬಳು ಬುನಾದ್ ಮೇಲೆ ತಂಪು ಕನ್ನಡಕ ಹಾಕಿದ್ದಾಳೆ ಎಂದು ಹುಡುಕಿ ಹುಡುಕಿ ಹೇಳುವವರಿದ್ದಾರೆ. ಅವರಿಗೆ ಆ ದೇಶದಲ್ಲಿ ಬುನಾದ್ ಪೊಲೀಸರು ಎಂದೇ ಹೆಸರು. ಓದಿದಾಗ ಕಣ್ಣು ತುಂಬಿ ಬಂತು. ಭೂಮಿಯ ಆ ತುದಿಯಲ್ಲೂ ನಮ್ಮ ದೊಡ್ಡತ್ತೆಯಂಥವರು ಇದ್ದಾರಲ್ಲ!

ಹಾಗಾಗಿ ಮೆಕ್ಸಿಕೋವನ್ನು ಓಡೋಡಿ ಮುಗಿಸಿ ನಾರ್ವೆಗೆ ಬಂದೆ. ಮರದ ಚರ್ಚು, ಬನ್ನಿನ ವಾಸನೆ, ದೋಣಿ ಹತ್ತಲು ಉದ್ದ ಸಾಲು. ಬಾಗಿಲಲ್ಲಿ ಉದ್ದ ಲಂಗದ ಹುಡುಗಿ. ಎದೆಯ ಬಿಲ್ಲೆಯ ಮೇಲೆ ಹೆಸರು, ಕೆಳಗೆ ಬರ್ಗೆನ್, ನಾರ್ವೆ ಎಂದು ಊರು. ಇಲ್ಲಿನ ನಾರ್ವೆಯಲ್ಲಿ ನಾರ್ವೆಯವರನ್ನೇ, ಜಪಾನಿನಲ್ಲಿ ಜಪಾನಿನವರನ್ನೇ ಕೆಲಸಕ್ಕೆ ತರಿಸುವುದು ರೂಢಿ. ಅಂಥವರಿಗೆಂದೇ ಅಮೆರಿಕದಲ್ಲಿ ಒಂದು ಜಾತಿಯ ವೀಸಾ ಇದೆ, ಕ್ಯೂ ವೀಸಾ ಅಂತ. ನಾನು ಗಂಟಲು ಸರಿಮಾಡಿಕೊಂಡು, ವಾರದಿಂದ ಬಾಯಿಪಾಠ ಮಾಡಿದ್ದ ಪ್ರಶ್ನೆ ಹಾಕಿದೆ. "ನೀವು ತೊಟ್ಟಿರುವ ಬುನಾದ್ ಯಾವ ಜಿಲ್ಲೆಯದು?"

ಅವಳು ನನ್ನನ್ನೊಮ್ಮೆ, ತನ್ನ ಲಂಗವನ್ನೊಮ್ಮೆ ನೋಡಿ ನಕ್ಕಳು. "ಇದು ಬುನಾದ್ ಅಲ್ಲ ಸರ್. ಇದು ಆರೆಂಡೆಲ್‌ದು."

ಆರೆಂಡಾಲ್ ಎಂಬ ಊರು ನಾರ್ವೆಯಲ್ಲಿ ಇರುವುದು ನನಗೆ ಗೊತ್ತಿತ್ತು, ಓದಿದ್ದೆನಲ್ಲ. "ಹೋ, ದಕ್ಷಿಣ ತೀರದ್ದು" ಎಂದು ತಲೆದೂಗಿದೆ. ಹಿಂದಿನಿಂದ ಮೊಮ್ಮಗಳು ಅಂಗಿ ಜಗ್ಗಿದಳು. "ತಾತಾ, ಅದು ಎಲ್ಸಾದು. ಫ್ರೋಜನ್!" ಸಾಲಿನಲ್ಲಿದ್ದ ಅಷ್ಟೂ ಮಕ್ಕಳಿಗೆ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ. ಆರೆಂಡೆಲ್ ಎಂದರೆ ಫ್ರೋಜನ್ ಎಂಬ ಸಿನಿಮಾದಲ್ಲಿ ಬರುವ ಎಲ್ಸಾ ರಾಣಿಯ ರಾಜ್ಯ. ಅಂದರೆ ನಿಜವಾದ ಬರ್ಗೆನ್ನಿನ ನಿಜವಾದ ಹುಡುಗಿ ವೀಸಾ ತೆಗೆದುಕೊಂಡು, ಸಮುದ್ರ ದಾಟಿ ಬಂದು, ಇಲ್ಲದ ದೇಶದ ಪ್ರಜೆಯಾಗಿ ನಿಂತಿದ್ದಾಳೆ. ನನ್ನ ಪಾಠದ ಬುನಾದಿಯೇ ಕುಸಿಯಿತು.

ಆಮೇಲೆ ಅಳಿಯ ವಿವರಿಸಿದ. 1988ರಲ್ಲಿ ಈ ನಾರ್ವೆ ತೆರೆದಾಗ ದೋಣಿಯ ದಾರಿಯಲ್ಲಿ ವೈಕಿಂಗರಿದ್ದರು, ಮೂರು ತಲೆಯ ಟ್ರೋಲ್ ಎಂಬ ಭೂತ ಇತ್ತು, ಹಿಮಕರಡಿ ಇತ್ತು, ಕೊನೆಗೆ ಸಮುದ್ರದ ನಡುವೆ ಎಣ್ಣೆಬಾವಿಯೂ ಇತ್ತಂತೆ. ನನಗೆ ಕೇಳಿಯೇ ಖುಷಿಯಾಯಿತು. ದೇಶ ತೋರಿಸಿದರೆ ಹಾಗೆ ತೋರಿಸಬೇಕು, ಭೂತವೂ ಇರಲಿ, ಸಂಬಳ ಕೊಡುವ ಎಣ್ಣೆಯೂ ಇರಲಿ. 2013ರಲ್ಲಿ ಸಿನಿಮಾ ಬಂತು, 2014ರ ಅಕ್ಟೋಬರಿನಲ್ಲಿ ಟ್ರೋಲನ್ನು ಮನೆಗೆ ಕಳಿಸಿದರು, 2016ರ ಜೂನಿನಲ್ಲಿ ಎಲ್ಸಾ ಬಂದು ಕೂತಳು. ಕಾಲುವೆ ಹಳೆಯದೇ. ಬದಲಾದದ್ದು ದಡದ ಮೇಲಿನ ದೇಶ, ಮತ್ತು ಬಾಗಿಲಲ್ಲಿ ನಿಂತವಳ ಲಂಗ.

ಇಲ್ಲಿ ನನ್ನ ಕೊಡವ ಸ್ನೇಹಿತನ ಕತೆ ಹೇಳದೆ ಮುಂದೆ ಹೋಗಲಾರೆ. ಚಿಕ್ಕದಾಗಿ ಹೇಳುತ್ತೇನೆ ಎಂದು ಸುಳ್ಳು ಹೇಳುವುದಿಲ್ಲ.

ಅವನು ಕಾಫಿ ಬೋರ್ಡಿನಿಂದ ನಿವೃತ್ತನಾದವನು. ಮೃದು ಮನುಷ್ಯ. ಯಾರ ಮೇಲೂ ದನಿ ಎತ್ತಿದವನಲ್ಲ, ಒಂದು ಸಲ ಬಿಟ್ಟು. ನಾವಿಬ್ಬರೂ ಯಾರದೋ ಷಷ್ಟ್ಯಬ್ದಿಗೆಂದು ಬೆಂಗಳೂರಿನ ಹೊರಗಿನ ಒಂದು ರೆಸಾರ್ಟಿಗೆ ಹೋಗಿದ್ದೆವು. ಕಾರು ನಿಂತಿತು. ಬಾಗಿಲು ತೆಗೆಯಲು ಓಡಿ ಬಂದ ಹುಡುಗ ಕೊಡವರ ಉಡುಪಿನಲ್ಲಿದ್ದ. ಕುಪ್ಯ ಎಂಬ ಬಿಳಿ ನಿಲುವಂಗಿ, ಸೊಂಟಕ್ಕೆ ಚೇಲೆ ಎಂಬ ಕೆಂಪು ಪಟ್ಟಿ, ಬೆನ್ನ ಹಿಂದೆ ಸಿಕ್ಕಿಸಿದ ಪೀಚೆಕತ್ತಿ. ನನ್ನ ಸ್ನೇಹಿತ ಒಂದು ಕಾಲು ಹೊರಗೆ ಇಟ್ಟವನು ಹಾಗೇ ನಿಂತ.

"ಬಿಳಿ," ಎಂದ.

"ಚೆನ್ನಾಗಿದೆಯಲ್ಲ," ಎಂದೆ ನಾನು, ಗೊತ್ತಿಲ್ಲದೆ.

"ಬಿಳಿ ಕುಪ್ಯ ಮದುಮಗನದು ಮಾರಾಯ! ಉಳಿದವರಿಗೆ ಕಪ್ಪು. ಇವನು ಒಂದೊಂದು ಕಾರಿನ ಬಾಗಿಲಿಗೂ ಒಂದೊಂದು ಮದುವೆ ಆಗ್ತಾ ಇದಾನಾ?"

ಹುಡುಗ ಎರಡು ಸೂಟ್‌ಕೇಸ್ ಎತ್ತಿಕೊಂಡು ನಗುತ್ತಲೇ ಇದ್ದ. ಅವನಿಗೆ ಕನ್ನಡ ಅಷ್ಟಕ್ಕಷ್ಟೇ. ಒಡಿಶಾದವನಂತೆ. ಸ್ನೇಹಿತ ಹಿಂದಿಗೆ ಬದಲಾಯಿಸಿ, ಕತ್ತಿ ಮುಂದೆ ಸಿಕ್ಕಿಸುವುದಪ್ಪ, ಹಿಂದೆ ಯಾಕೆ ಇಟ್ಟಿದ್ದೀಯ ಎಂದು ಕೇಳಿದ. ಹುಡುಗ ಸೂಟ್‌ಕೇಸ್ ಕೆಳಗಿಟ್ಟು, ಬಗ್ಗಿ ತೋರಿಸಿದ. ಮುಂದೆ ಇದ್ದರೆ ಸಾಮಾನು ಎತ್ತಲು ಬಗ್ಗಿದಾಗಲೆಲ್ಲ ಹೊಟ್ಟೆಗೆ ಚುಚ್ಚುತ್ತದೆ ಸಾಬ್.

ಇದಕ್ಕೆ ನನ್ನ ಸ್ನೇಹಿತನ ಹತ್ತಿರ ಉತ್ತರವಿರಲಿಲ್ಲ. ಆದರೆ ಚೇಲೆಯನ್ನು ಬಿಡಲಿಲ್ಲ. ಅದು ಪ್ಯಾಕಿಂಗ್ ಹಗ್ಗದ ಹಾಗೆ ಗಂಟು ಹಾಕಿತ್ತು. ಆ ಪೋರ್ಟಿಕೋದಲ್ಲಿ, ಹಿಂದೆ ಮೂರು ಕಾರು ಹಾರ್ನ್ ಹೊಡೆಯುತ್ತಿರುವಾಗ, ಅದನ್ನು ಪೂರಾ ಬಿಚ್ಚಿ, ಸುತ್ತು ಹೇಗೆ, ಮಡಿಕೆ ಹೇಗೆ, ತುದಿ ಎಲ್ಲಿ ಇಳಿಬಿಡಬೇಕು ಎಂದು ತೋರಿಸಿ, ಮತ್ತೆ ಬಿಚ್ಚಿ ಅವನ ಕೈಯಲ್ಲೇ ಕಟ್ಟಿಸಿದ. ಹದಿನೈದು ನಿಮಿಷವಾದರೂ ಆಗಿರಬೇಕು. ಮ್ಯಾನೇಜರ್ ಬಂದು ಏನಾದರೂ ತೊಂದರೆಯೇ ಎಂದು ಕೇಳಿದ. ಆಗಲೇ ನನ್ನ ಸ್ನೇಹಿತ ದನಿ ಎತ್ತಿದ್ದು. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ತಾತ್ಪರ್ಯ ಇಷ್ಟೇ: ನಮ್ಮ ಮನೆಯಲ್ಲಿ ಪೆಟ್ಟಿಗೆಯಿಂದ ತೆಗೆಯುವ ಬಟ್ಟೆಯನ್ನು ನೀವು ಗೂಟದಿಂದ ತೆಗೆಯುತ್ತೀರಿ.

ಮುಂದಿನ ವರ್ಷ ಇನ್ಯಾವುದೋ ಸಮಾರಂಭಕ್ಕೆ ಅದೇ ರೆಸಾರ್ಟಿಗೆ ಹೋದೆವು. ದಾರಿಯುದ್ದಕ್ಕೂ ಸ್ನೇಹಿತ ಚಡಪಡಿಸುತ್ತಿದ್ದ. ಕಾರು ನಿಂತಿತು. ಅದೇ ಹುಡುಗ ಓಡಿ ಬಂದ. ತಲೆಯ ಮೇಲೆ ದೊಡ್ಡ ರಾಜಸ್ತಾನಿ ಪಗಡಿ, ಮೈಗೆ ಮೊಣಕಾಲುದ್ದದ ಬಣ್ಣದ ಅಂಗಿ. ಥೀಮ್ ಬದಲಾಗಿತ್ತು.

"ನೋಡು, ನಿನ್ನ ದೂರು ಮುಟ್ಟಿದೆ. ಗೆದ್ದೆ," ಎಂದೆ.

ಅವನು ಹುಡುಗನ ಸೊಂಟವನ್ನೇ ನೋಡುತ್ತಿದ್ದ. "ಕಟ್ಟೋದು ಕಲಿತಿದ್ದ ಕಣೋ," ಎಂದ. ಅವತ್ತು ಊಟದ ಹೊತ್ತಿನವರೆಗೂ ಬೇರೆ ಮಾತಾಡಲಿಲ್ಲ.

ಈ ಕತೆಯನ್ನು ನಾರ್ವೆಯ ಬೇಕರಿಯ ಮುಂದೆ ಕೂತು ಅಳಿಯನಿಗೆ ಹೇಳಿದೆ. ಅವನು ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದವನು, "ಮಾವ, ನಿಮ್ಮ ಬುನಾದ್ ಕೂಡ ಹೊಲಿಸಿದ್ದೇ" ಎಂದ. ಹುಲ್ಡಾ ಗಾರ್ಬೋರ್ಗ್ ಎಂಬ ಹೆಣ್ಣುಮಗಳು ಇಪ್ಪತ್ತನೆಯ ಶತಮಾನದ ಮೊದಲಿಗೆ ಹಳ್ಳಿಯ ಹಳೆಯ ಬಟ್ಟೆಗಳನ್ನು ನೋಡಿ, ಇದನ್ನು ನಾವು ಹಬ್ಬಕ್ಕೆ ಉಡೋಣ ಎಂದು ಹೊರಟಳಂತೆ. ಎಷ್ಟೋ ಊರಿನ ಬುನಾದ್‌ಗಳನ್ನು ಆಮೇಲೆ ಚೂರುಪಾರು ನೋಡಿ ಮರಳಿ ಕಟ್ಟಿದ್ದಂತೆ. ಅಳಿಯಂದಿರಿಗೆ ಇಂಥ ವಿಷಯ ಸರಿಯಾದ ಹೊತ್ತಿಗೇ ಸಿಗುತ್ತದೆ. ನಾನು ಬನ್ನಿನ ಮೇಲಿನ ಕೊಬ್ಬರಿ ಒರೆಸಿಕೊಳ್ಳುತ್ತ, ಕಟ್ಟಿದ್ದಾದರೂ ತಪ್ಪು ಕಂಡುಹಿಡಿಯಲು ಜನ ಇದ್ದಾರಲ್ಲಪ್ಪ ಎಂದೆ. ಆರೆಂಡೆಲ್‌ನ ಲಂಗದಲ್ಲಿ ಯಾವ ದೊಡ್ಡತ್ತೆ ತಪ್ಪು ಹಿಡಿಯುತ್ತಾಳೆ? ಇದನ್ನೇ ಬೆಳೆಸಿದರೆ ಏನೋ ಒಂದು ದೊಡ್ಡ ಮಾತು ಹೊರಡುತ್ತದೆ ಎಂದು ಆ ಕ್ಷಣಕ್ಕೆ ಬಲವಾಗಿ ಅನ್ನಿಸಿತು. ಅಷ್ಟರಲ್ಲಿ ಮೊಮ್ಮಗಳಿಗೆ ಒಂದಕ್ಕೆ ಬಂತು.

ಇಲ್ಲಿ ಕೆಲಸದವರು ತೊಡುವುದನ್ನು ಯಾರೂ ಯೂನಿಫಾರ್ಮ್ ಎನ್ನುವುದಿಲ್ಲ. ಕಾಸ್ಟ್ಯೂಮ್. ಕೆಲಸದವರೂ ಕೆಲಸದವರಲ್ಲ, ಪಾತ್ರಧಾರಿಗಳು. ಕಸ ಗುಡಿಸುವವನೂ ರಂಗದ ಮೇಲಿದ್ದಾನೆ. ಇದು ನನಗೆ ಮೊದಲು ಬಹಳ ಹಿಡಿಸಿತ್ತು, ಯಕ್ಷಗಾನದ ಚೌಕಿ ನೆನಪಾಗಿತ್ತು. ಆದರೆ ಚೌಕಿಯಲ್ಲಿ ವೇಷ ಮೇಳದ್ದಾದರೂ ಒಳಚಡ್ಡಿ ಅವರವರದೇ. ಇಲ್ಲಿ ಮಿಕ್ಕಿಯಂಥ ಬೊಂಬೆಗಳ ವೇಷ ಹಾಕುವವರಿಗೆ ಒಳಉಡುಪೂ ಕಂಪನಿಯ ಲಾಂಡ್ರಿಯಿಂದಲೇ ಬರುತ್ತಿತ್ತು, ಇವತ್ತು ನಿನಗೆ, ನಾಳೆ ಇನ್ನೊಬ್ಬನಿಗೆ. 2001ರಲ್ಲಿ ಯೂನಿಯನ್ ಮಾತುಕತೆ ನಡೆಸಿದ ಮೇಲೆಯೇ ತಮ್ಮ ತಮ್ಮದನ್ನು ಮನೆಗೆ ಒಯ್ದು ಒಗೆದುಕೊಳ್ಳುವ ಹಕ್ಕು ಅವರಿಗೆ ಸಿಕ್ಕಿದ್ದು. ಕಾರ್ಮಿಕ ಚಳವಳಿಯ ಚರಿತ್ರೆಯಲ್ಲಿ ಇದಕ್ಕಿಂತ ನ್ಯಾಯವಾದ ಬೇಡಿಕೆ ಇನ್ನೊಂದಿದ್ದರೆ ಹೇಳಿ.

ಮಿಕ್ಕ ದೇಶಗಳನ್ನು ಬೇಗ ಬೇಗ ನೋಡಿದೆವು. ಜರ್ಮನಿಯಲ್ಲಿ ಚರ್ಮದ ಚಡ್ಡಿ. ಮೊರಾಕೋದಲ್ಲಿ ಅವರ ರಾಜ ಕುಶಲಕರ್ಮಿಗಳನ್ನೇ ಕಳಿಸಿ ಹೆಂಚಿನ ಕೆಲಸ ಮಾಡಿಸಿದ್ದಾನೆ, ಅಲ್ಲಿ ಮಾತ್ರ ನಾನು ಬಾಯಿ ಮುಚ್ಚಿಕೊಂಡು ನೋಡಿದೆ. ಚೀನಾಕ್ಕೂ ಜರ್ಮನಿಗೂ ನಡುವೆ ಆಫ್ರಿಕಾ ಎಂದು ಕಟ್ಟಬೇಕೆಂದಿದ್ದವರು ಕಟ್ಟಲಿಲ್ಲ. ಅಲ್ಲಿ ಈಗ ಒಂದು ಅಂಗಡಿ ಇದೆ. ಇಂಡಿಯಾ ಇಲ್ಲ. "ಬೇಜಾರಾಯ್ತಾ ಅಪ್ಪಾ?" ಎಂದಳು ಮಗಳು. ಇಲ್ಲ ಎಂದೆ. ಇದ್ದಿದ್ದರೆ ಬಾಗಿಲಲ್ಲಿ ಆನೆ ಇರುತ್ತಿತ್ತು, ಪಕ್ಕದಲ್ಲಿ ಪಗಡಿ ಇರುತ್ತಿತ್ತು, ನಮ್ಮ ಪಾಲಿಗೆ ಹೆಚ್ಚೆಂದರೆ ಒಂದು ಮಸಾಲೆ ದೋಸೆ. ಅದೂ ಸುರುಳಿ ಸುತ್ತಿ ನಿಲ್ಲಿಸಿದ್ದು. ಆಫೀಸುಗಳಲ್ಲಿ ನವೆಂಬರ್ ಬಂದರೆ ವೆಲ್ಕ್ರೋ ಅಂಟಿಸಿದ ರೆಡಿಮೇಡ್ ಪಂಚೆಯಲ್ಲಿ, ರಟ್ಟಿನ ಮೈಸೂರು ಪೇಟದಲ್ಲಿ ಸಾಲಾಗಿ ನಿಂತು ಫೋಟೋ ಹೊಡೆಸಿಕೊಂಡು, ಅದಕ್ಕೆ ಎಥ್ನಿಕ್ ಡೇ ಎಂದು ಹೆಸರಿಡುವ ನಾವು ಫ್ಲಾರಿಡಾದವರನ್ನು ಯಾವ ಬಾಯಲ್ಲಿ ಕೇಳುವುದು? ನಿಮ್ಮಪ್ಪ ಉಡುತ್ತಿದ್ದುದಕ್ಕೆ ಎಥ್ನಿಕ್ ಎಂದು ಯಾವಾಗ ಹೆಸರಾಯಿತು ಸ್ವಾಮಿ? ಇರಲಿ. ರಕ್ತದೊತ್ತಡದ ಮಾತ್ರೆ ಹೋಟೆಲಿನಲ್ಲೇ ಬಿಟ್ಟು ಬಂದಿದ್ದೆ.

ಸಂಜೆ ವಾಪಸಾಗುವಾಗ ಕಾಲು ನೋವೆಂದು ಮತ್ತೆ ನಾರ್ವೆಯ ಹತ್ತಿರವೇ ಕೂತೆವು. ಬೆಳಗಿನ ಹುಡುಗಿ ಪಾಳಿ ಮುಗಿಸಿ ಹೊರಟಿದ್ದಳೇನೋ, ನನ್ನನ್ನು ಗುರುತು ಹಿಡಿದು ನಿಂತಳು. ತನ್ನ ಬುನಾದ್ ಮನೆಯಲ್ಲಿದೆ, ಹದಿನೈದನೇ ವಯಸ್ಸಿನಲ್ಲಿ ಚರ್ಚಿನ ಶಾಸ್ತ್ರಕ್ಕೆಂದು ಅಜ್ಜಿ ಹೊಲಿಸಿಕೊಟ್ಟದ್ದು, ಇಲ್ಲಿಗೆ ತರಲಿಲ್ಲ ಎಂದಳು. "ಅಷ್ಟು ಉಣ್ಣೆ ತೊಟ್ಟು ಈ ಬಿಸಿಲಲ್ಲಿ ನಿಂತರೆ ಸತ್ತೇ ಹೋಗ್ತೀನಿ. ಇದು ಹಗುರ. ನಂದಲ್ಲವಲ್ಲ, ಕೊಳೆಯಾದರೂ ಚಿಂತೆ ಇಲ್ಲ." ಒಡಿಶಾದ ಹುಡುಗನ ಕತ್ತಿ ನೆನಪಾಯಿತು. ಹೊಟ್ಟೆಗೆ ಚುಚ್ಚದ ಕಡೆ ಸಿಕ್ಕಿಸಿಕೊಂಡಿದ್ದಾಳೆ ಇವಳೂ. ಈ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಹೋದರೆ ಕತ್ತಿ, ಹೊಟ್ಟೆ ಎಂದು ಅಪಾರ್ಥವಾದೀತೆಂದು ಸುಮ್ಮನಾದೆ.

ಅಷ್ಟರಲ್ಲಿ ಇನ್ನೊಂದು ನಡೆಯಿತು. ನನ್ನ ಹೆಂಡತಿ ಬೆಳಗಿನಿಂದ ಇಳಕಲ್ ಸೀರೆಯಲ್ಲೇ ಇದ್ದಳು, ಕಾಲಿಗೆ ಮಗಳ ಸ್ಪೋರ್ಟ್ಸ್ ಶೂ. ತೀರ್ಥಹಳ್ಳಿಯವಳಿಗೆ ಇಳಕಲ್ ಎಲ್ಲಿಯದು ಎಂದು ಯಾವ ಪೊಲೀಸರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಒಬ್ಬ ದಪ್ಪ ಮನುಷ್ಯ, ಕೈಯಲ್ಲಿ ಎರಡು ಮಕ್ಕಳು, ನೇರವಾಗಿ ಅವಳ ಹತ್ತಿರ ಬಂದು ಟಾಯ್ಲೆಟ್ ಎಲ್ಲಿ ಎಂದು ಕೇಳಿದ. ಪಕ್ಕದಲ್ಲೇ ಬಿಲ್ಲೆ ಹಾಕಿಕೊಂಡ ಬರ್ಗೆನ್ನಿನವಳು ನಿಂತಿದ್ದಾಳೆ, ಅವಳನ್ನು ಕೇಳಲಿಲ್ಲ. ಮೊಮ್ಮಗಳ ದೆಸೆಯಿಂದ ಬೆಳಗಿನಿಂದ ಮೂರು ಸಲ ಹೋಗಿಬಂದಿದ್ದ ನನ್ನ ಹೆಂಡತಿ ಎದ್ದು ನಿಂತು, ಕೈ ಚಾಚಿ, ಎಡಕ್ಕೋ ಬಲಕ್ಕೋ ಎಲ್ಲ ಸರಿಯಾಗಿ ಹೇಳಿದಳು. ಅವನು ಥ್ಯಾಂಕ್ಸ್ ಹೇಳಿ, "ನಿಮ್ಮ ಕಾಸ್ಟ್ಯೂಮ್ ತುಂಬಾ ಚೆನ್ನಾಗಿದೆ" ಎಂದು ಹೋದ.

ಕಾರಿನಲ್ಲಿ ಬಹಳ ಹೊತ್ತು ಅವಳು ಮಾತಾಡಲಿಲ್ಲ. ಸಿಟ್ಟೇನೋ ಎಂದುಕೊಂಡೆ.

"ರೀ," ಎಂದಳು ಕೊನೆಗೆ. "ನಂಗೂ ಒಂದು ಬಿಲ್ಲೆ ಕೊಟ್ಟಿದ್ರೆ ಕೆಳಗೆ ಊರು ಏನಂತ ಬರೆಸ್ಬೇಕಿತ್ತು? ತೀರ್ಥಹಳ್ಳಿ ಅಂತ್ಲಾ, ಬೆಂಗಳೂರು ಅಂತ್ಲಾ?"

ತೀರ್ಥಹಳ್ಳಿ ಬಿಟ್ಟು ನಲವತ್ತು ವರ್ಷವಾಯಿತಲ್ಲ, ಬೆಂಗಳೂರೇ ಸರಿ ಎಂದೆ. ಹೇಳಬಾರದಿತ್ತು. ಮನೆ ಮುಟ್ಟುವ ತನಕ ನನಗೆ ಮಾತಾಡಲು ಅವಕಾಶವೇ ಸಿಗಲಿಲ್ಲ.