ರೋಮ್‌ನಲ್ಲಿ ನಲ್ಲಿ ನಿಲ್ಲಿಸಲು ಹೋಗಿ

ರೋಮ್ ನೋಡಲು ನಾವು ಎಂಟು ಜನ ಹೋಗಿದ್ದೆವು. ದೊಡ್ಡವರು ನಾಲ್ಕು, ಚಿಕ್ಕವರು ನಾಲ್ಕು. ತಲೆಗೊಬ್ಬರನ್ನು ಹಿಡಿದುಕೊಂಡರೆ ಆಯಿತಲ್ಲ ಅಂದುಕೊಂಡಿದ್ದೆವು.

ನಾವಿರುವುದು ಜರ್ಮನಿಯಲ್ಲಿ. ಮೈಸೂರಿನಿಂದ ಅಕ್ಕ, ಭಾವ ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರ ಚಿನ್ನುವಿಗೆ ಒಂಬತ್ತು, ಪುಟ್ಟನಿಗೆ ಏಳು. ನಮ್ಮ ಗುಂಡನಿಗೆ ನಾಲ್ಕು, ಪಾಪುಗೆ ಒಂದೂವರೆ. ಭಾವ ಬ್ಯಾಂಕಿನವರು. ಮೂರು ದಿನದ ರೋಮನ್ನು ಗಂಟೆ ಗಂಟೆಗೆ ಹಂಚಿ, ಪ್ರಿಂಟ್ ತೆಗೆಸಿ ತಂದಿದ್ದರು. ಅದರಲ್ಲಿ ‘ಸುಸ್ಸು’ ಅನ್ನುವ ಕಾಲಮ್ಮೇ ಇರಲಿಲ್ಲ.

ಮೊದಲ ದಿನ ಬೆಳಿಗ್ಗೆ ಹತ್ತಕ್ಕೆ ಕೊಲೊಸಿಯಮ್. ಹೋಗುವ ದಾರಿಯಲ್ಲೇ ಅಕ್ಕನ ಕಣ್ಣಿಗೆ ಆ ನಲ್ಲಿ ಬಿತ್ತು.

ರೋಮ್‌ನ ಬೀದಿ ಬೀದಿಯಲ್ಲೂ ಸೊಂಟಕ್ಕಿಂತ ಸ್ವಲ್ಪ ಎತ್ತರದ ಎರಕದ ಕಬ್ಬಿಣದ ಕಂಬಗಳಿವೆ. ಬಾಗಿದ ಕೊಳವೆಯೊಂದು ಮೂಗಿನ ಹಾಗೆ ಮುಂದಕ್ಕೆ ಚಾಚಿರುತ್ತದೆ. ಅದಕ್ಕೇ ಅಲ್ಲಿಯವರು ಇದನ್ನು ‘ನಸೋನೆ’ ಅನ್ನುತ್ತಾರೆ, ದೊಡ್ಡ ಮೂಗು ಅಂತ. 1870ರ ದಶಕದಿಂದ ಇವೆ, ಊರಲ್ಲಿ ಎರಡು ಸಾವಿರಕ್ಕೂ ಜಾಸ್ತಿ. ನೀರು ತಣ್ಣಗಿರುತ್ತದೆ, ಧಾರಾಳವಾಗಿ ಕುಡಿಯಬಹುದು, ಕಾಸು ಕೊಡಬೇಕಾಗಿಲ್ಲ. ಆದರೆ ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ನಿಲ್ಲಿಸಲು ತಿರುಪೇ ಇಲ್ಲ.

ನಮ್ಮಕ್ಕ ಎರಡು ದಿನಕ್ಕೊಮ್ಮೆ ನೀರು ಬರುವ ಬಡಾವಣೆಯವಳು. ಸುರಿಯುವ ನಲ್ಲಿ ನೋಡಿಕೊಂಡು ಮುಂದೆ ಹೋಗುವುದು ಅವಳ ಕೈಲಿ ಆಗದ ಕೆಲಸ. “ಅಯ್ಯೋ, ಯಾರೋ ಹಾಗೇ ಬಿಟ್ಟು ಹೋಗಿದ್ದಾರೆ ಕಣೇ” ಎಂದು ಕಂಬದ ಸುತ್ತ ತಡವಿದಳು. ಹಿಂದೆ ಹುಡುಕಿದಳು. ಬಗ್ಗಿ ಕೆಳಗೆ ನೋಡಿದಳು. “ನಿಂತರೆ ನೀರು ಕೊಳವೆಯಲ್ಲೇ ಕೆಡುತ್ತೆ ಅಕ್ಕ, ಬೇಕಂತಲೇ ಬಿಟ್ಟಿರೋದು” ಎಂದು ನನ್ನ ಗಂಡ ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ಹೆಬ್ಬೆರಳಿನಿಂದ ಕೊಳವೆಯ ಬಾಯನ್ನು ಒತ್ತಿ ಹಿಡಿದೇಬಿಟ್ಟಳು.

ಆ ಮೂಗಿನ ಮೇಲೆ ಒಂದು ಸಣ್ಣ ತೂತಿದೆ. ಬಾಯಿ ಮುಚ್ಚಿದರೆ ನೀರು ಅದರಿಂದ ಕಮಾನಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ಜಾಸ್ತಿ ಬಗ್ಗದೆ ಕುಡಿಯಲು ಮಾಡಿರುವ ಉಪಾಯ. ಅವತ್ತು ಅದನ್ನು ಕುಡಿದದ್ದು ಭಾವನ ಇಸ್ತ್ರಿ ಅಂಗಿ, ಮತ್ತೆ ಕೈಲಿದ್ದ ಪ್ರಿಂಟ್. ಶಾಯಿ ಇಳಿದು ಕೊಲೊಸಿಯಮ್ ಹೋಗಿ ವ್ಯಾಟಿಕನ್ ಮೇಲೆ ಕೂತಿತು.

ಎದುರಿನ ಅಂಗಡಿ ಮುಂದೆ ಕೂತಿದ್ದ ತಾತ ಚಪ್ಪಾಳೆ ತಟ್ಟಿ “ಬ್ರಾವಾ!” ಅಂದ. ಮಕ್ಕಳು ಮಾತ್ರ ಒಂದು ಕ್ಷಣ ಕಮಕ್ ಕಿಮಕ್ ಅನ್ನಲಿಲ್ಲ. ಅಮ್ಮನೇ, ನಡುಬೀದಿಯಲ್ಲಿ, ಅಪ್ಪನ ಮೇಲೆ ನೀರೆರಚಿದ್ದಾಳೆ. ಇನ್ನು ನಮ್ಮನ್ನು ಯಾರು ಕೇಳುತ್ತಾರೆ?

ಅಲ್ಲಿಂದ ಮೂರು ದಿನ ಎತ್ತು ಏರಿಗೆ, ಕೋಣ ನೀರಿಗೆ. ಗುಂಡ ನಲ್ಲಿಗೆ ‘ಮೂಗಪ್ಪ’ ಎಂದು ಹೆಸರಿಟ್ಟ. ಯಾವ ತಿರುವಿನಲ್ಲಿ ಮೂಗಪ್ಪ ಇದ್ದಾನೆ ಅನ್ನುವುದು ಮಕ್ಕಳಿಗೆ ನಮ್ಮ ಮ್ಯಾಪಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಗುಂಡನಿಗೆ ನಾನು ಆರು ಜೊತೆ ಬಟ್ಟೆ ತಂದಿದ್ದೆ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅವನು ಅಪ್ಪನ ಬನಿಯನ್ ತೊಟ್ಟು, ಪಾದದವರೆಗೆ ಇಳಿಬಿಟ್ಟುಕೊಂಡು, ಮರಿ ಸೆನೆಟರ್ ಹಾಗೆ ಓಡಾಡುತ್ತಿದ್ದ.

ಕೊಲೊಸಿಯಮ್ ನೋಡಿದೆವು. ದೊಡ್ಡದಿದೆ. ಒಳಗೆ ಜಾಸ್ತಿ ಹೊತ್ತು ನಿಂತಿದ್ದು ಟಾಯ್ಲೆಟ್ಟಿನ ಕ್ಯೂನಲ್ಲಿ, ಹಾಗಾಗಿ ಇನ್ನೇನೂ ಹೇಳಲಾರೆ.

ಹಳೇ ಬೀದಿಗಳಿಗೆಲ್ಲ ಅಲ್ಲಿ ಚಿಕ್ಕ ಚಿಕ್ಕ ಕಪ್ಪು ಕಲ್ಲು ಹಾಸಿದ್ದಾರೆ. ಅದರ ಮೇಲೆ ತಳ್ಳುಗಾಡಿ ಕಟಕಟಕಟ ಎಂದು ಹಲ್ಲುದುರುವ ಹಾಗೆ ಕುಲುಕುತ್ತದೆ. ಪಾಪುಗೆ ಅದೇ ತೊಟ್ಟಿಲು. ಕಲ್ಲಿನ ಮೇಲೆ ಗಾಢ ನಿದ್ದೆ, ನುಣುಪು ನೆಲ ಬಂದರೆ ಎಚ್ಚರ. ಪ್ಯಾಂಥಿಯಾನ್ ಅನ್ನುವ ಹಳೇ ರೋಮನ್ ಗುಡಿಯ ಒಳಗೆ ನೆಲವೆಲ್ಲ ಅಮೃತಶಿಲೆ. ಬಾಗಿಲು ದಾಟಿದ್ದೇ ತಡ, ಕಣ್ಣು ಬಿಟ್ಟು ರಾಗ ತೆಗೆದಳು. 43 ಮೀಟರ್ ಅಗಲದ ಗುಮ್ಮಟ. ಒಂದು ಅತ್ತರೆ ಹತ್ತು ಕೂಸು ಅತ್ತ ಹಾಗೆ ಕೇಳುತ್ತದೆ. ಅಷ್ಟರಲ್ಲಿ ಸದ್ದು ಮಾಡಬೇಡಿ ಎಂದು ಮೈಕಿನಲ್ಲಿ ಹೇಳಿದರು, ಒಂದಲ್ಲ, ನಾಲ್ಕಾರು ಭಾಷೆಯಲ್ಲಿ. ಯಾವುದೂ ಪಾಪುಗೆ ಬರುವುದಿಲ್ಲ. ಪುಟ್ಟ ಮಾತ್ರ ಗುಮ್ಮಟದ ನೆತ್ತಿಯಲ್ಲಿರುವ ದೊಡ್ಡ ತೆರಪನ್ನೇ ನೋಡುತ್ತಿದ್ದ. ಮಳೆ ಬಂದರೆ ನೇರ ಒಳಗೇ ಬೀಳುತ್ತದೆ, ಹರಿದು ಹೋಗಲು ನೆಲದಲ್ಲಿ ತೂತುಗಳಿವೆ ಎಂದು ಭಾವ ವಿವರಿಸಿದರು. “ಇಷ್ಟೆಲ್ಲ ಕಟ್ಟಿ ಅಲ್ಲಿ ಮಾತ್ರ ಯಾಕಪ್ಪ ಬಿಟ್ಟರು? ದುಡ್ಡು ಸಾಲಲಿಲ್ವಾ?” ಅಂದ. ಭಾವ ಮನೆ ಸಾಲದ ವಿಭಾಗದವರು. ಉತ್ತರ ಕೊಡಲಿಲ್ಲ.

ಅಲ್ಲೇ ಹತ್ತಿರದಲ್ಲಿ ಲಾರ್ಗೊ ಅರ್ಜೆಂಟೀನ. ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರ್‌ನನ್ನು ಇರಿದು ಕೊಂದ ಜಾಗ. ಈಗ ಪಾಳುಬಿದ್ದ ಕಂಬಗಳ ನಡುವೆ ಬೆಕ್ಕುಗಳಿವೆ, ಅವನ್ನು ಸಾಕಲು ಒಂದು ಆಶ್ರಯವೂ ಇದೆ. ಭಾವ ಬ್ರೂಟಸ್‌ವರೆಗೆ ಬರುವಷ್ಟರಲ್ಲಿ ಮಕ್ಕಳು ಹನ್ನೊಂದು ಬೆಕ್ಕು ಎಣಿಸಿದ್ದರು. “ದೊಡ್ಡಪ್ಪ, ಸೀಸರ್‌ನನ್ನು ಯಾವ ಬೆಕ್ಕು ಸಾಯಿಸಿದ್ದು?” ಎಂದು ಗುಂಡ ಕೇಳಿದ ಮೇಲೆ ಆ ಪಾಠ ಅಲ್ಲಿಗೇ ಮುಗಿಯಿತು.

ಇನ್ನು ಸ್ಪ್ಯಾನಿಷ್ ಮೆಟ್ಟಿಲು. 135 ಮೆಟ್ಟಿಲು, ಆದರೆ 2019ರಿಂದ ಅಲ್ಲಿ ಕೂರುವಂತಿಲ್ಲ. ಕೂತರೆ ದಂಡ. ಐಸ್‌ಕ್ರೀಮ್ ಹಿಡಿದ ನಾಲ್ಕು ಮಕ್ಕಳು ಮೆಟ್ಟಿಲು ಕಂಡರೆ ಇನ್ನೇನು ಮಾಡುತ್ತಾರೆ? ಪೀಪಿ ಊದಿಕೊಂಡು ಪೊಲೀಸಮ್ಮ ಬಂದರು. ಚಿನ್ನುವನ್ನು ಎಬ್ಬಿಸಿದರೆ ಪುಟ್ಟ ಕೂತ, ಪುಟ್ಟನನ್ನು ಎಬ್ಬಿಸಿದರೆ ಗುಂಡ. ಕಪ್ಪೆಗಳನ್ನು ತಕ್ಕಡಿಗೆ ಹಾಕುವುದು ಅಂದರೆ ಏನು ಅಂತ ಆ ಇಟಲಿ ಹೆಂಗಸಿಗೆ ಅವತ್ತೇ ಅರ್ಥವಾಗಿರಬೇಕು. ಕೊನೆಗೆ ನಾಲ್ವರನ್ನೂ ಎಬ್ಬಿಸಿ ಉಸಿರು ಬಿಟ್ಟು ತಿರುಗಿದರೆ, ಮೊಣಕಾಲು ಹಿಡಿದುಕೊಂಡು ಅಕ್ಕ ಕೂತಿದ್ದಳು.

ಟ್ರೇವಿ ಕಾರಂಜಿಗೆ ಬೆನ್ನು ಮಾಡಿ, ಬಲಗೈಯಿಂದ ಎಡಭುಜದ ಮೇಲೆ ಕಾಸು ಎಸೆದರೆ ಮತ್ತೆ ರೋಮ್‌ಗೆ ಬರುತ್ತೀರಿ ಅನ್ನುತ್ತಾರೆ. “ಹಿಂದಕ್ಕೆ ಎಸಿ” ಅಂದಿದ್ದಷ್ಟೇ ಗುಂಡನಿಗೆ ಕೇಳಿತ್ತು. ಕಾರಂಜಿಗೆ ಮುಖ ಮಾಡಿ ನಿಂತು ಹಿಂದಕ್ಕೆ ಎಸೆದ. ಬಕ್ಕತಲೆಯ ಯಜಮಾನರೊಬ್ಬರು ತಲೆ ಸವರಿಕೊಂಡು ಕಾಸು ವಾಪಸ್ ಕೊಟ್ಟರು. ಅಕ್ಕ ಅದನ್ನೇ ಇಸಿದುಕೊಂಡು, ಶ್ರೀರಂಗಪಟ್ಟಣದಲ್ಲಿ ರೈಲಿನ ಕಿಟಕಿಯಿಂದ ಕಾವೇರಿಗೆ ಹಾಕುವ ಹಾಗೆ ಕಣ್ಣಿಗೊತ್ತಿ ನೀರಿಗೆ ಹಾಕಿ ಕೈ ಮುಗಿದಳು. ಪಕ್ಕದ ಇಬ್ಬರು ಹುಡುಗಿಯರು ಅದೇ ಕ್ರಮ ಇರಬೇಕು ಎಂದು ಅವರೂ ಕೈ ಮುಗಿದರು.

ಕೊನೇ ದಿನ ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಇಡೀ ಸಂಸಾರದಲ್ಲಿ ಉಳಿದಿದ್ದ ಒಂದೇ ಒಣ ಅಂಗಿ ಭಾವನ ಮೈಮೇಲಿತ್ತು. “ನೀವ್ಯಾರೂ ಬರಬೇಡಿ” ಎಂದು ಖಾಲಿ ಬಾಟಲಿಗಳನ್ನೆಲ್ಲ ಎತ್ತಿಕೊಂಡು ಒಬ್ಬರೇ ಬೀದಿ ತುದಿಯ ನಲ್ಲಿಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ಬಾಟಲಿಗಳು ತುಂಬಿದ್ದವು, ಅಂಗಿ ಕಾಲರಿನಿಂದ ಕೆಳಗೆ ತೊಪ್ಪೆಯಾಗಿತ್ತು.

“ಆ ನಲ್ಲಿ ಸರಿ ಇಲ್ಲ” ಅಂದರು.

ಗುಂಡ ಅವರ ಬಲಗೈ ಹಿಡಿದು, ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ.