ನನ್ನ ಕೋಡಂಗಿ ವೇಷ

"ಎಂತ ಮಾರಾಯ್ತಿ, ಶುಗರ್ ಬಂತಾ?"

ಉಡುಪಿಯಲ್ಲಿ 40 ದಾಟಿದ ಹೆಂಗಸು ಬೆಳಿಗ್ಗೆ ಶೂ ಹಾಕಿ ಗೇಟು ದಾಟಿದರೆ ಎದುರಾಗುವ ಮೊದಲ ಪ್ರಶ್ನೆ ಇದು. ಕಾಯಿಲೆ ಬಾರದೆ ಯಾರೂ ವಾಕಿಂಗ್ ಹೋಗುವುದಿಲ್ಲ ಎಂಬುದು ನಮ್ಮೂರಿನ ತೀರ್ಮಾನ. ಈ ಪ್ರಶ್ನೆಗೆ ಹೆದರಿಯೇ ನನ್ನ ಶೂ ಏಳು ತಿಂಗಳು ಪೆಟ್ಟಿಗೆಯಲ್ಲಿತ್ತು. ಮಳೆಗಾಲದಲ್ಲಿ ಒಮ್ಮೆ ತೆಗೆದು ನೋಡಿದೆ, ಬೂಷ್ಟು ಹಿಡಿದಿತ್ತು. ಒರೆಸಿ ಮತ್ತೆ ಒಳಗಿಟ್ಟೆ.

ಅದಕ್ಕೂ ಮೊದಲು ಒಂದು ಸಲ ಜಿಮ್ಮಿಗೆ ಸೇರಿದ್ದೆ. ಎಲ್ಲಿ ಅಂತ ಕೇಳಬೇಡಿ. ವರ್ಷದ ಫೀಸು ಒಟ್ಟಿಗೆ ಕೊಟ್ಟರೆ ಕಡಿಮೆ ಅಂದರು, ಕೊಟ್ಟೆ. ಮೊದಲ ದಿನವೇ ಅಲ್ಲಿಯ ಹುಡುಗ ನನ್ನಿಂದ 60 ಬಸ್ಕಿ ಹೊಡೆಸಿದ. ಮಗ್ಗಿ ಬಾರದೆ ಶಾಲೆಯಲ್ಲಿ ಹೊಡೆದ ಮೇಲೆ ಬಸ್ಕಿ ಹೊಡೆದದ್ದು ಅವತ್ತೇ. ಮನೆಗೆ ಬರುವಾಗ ಏನೂ ಆಗಿರಲಿಲ್ಲ, ಸ್ವಲ್ಪ ಹೆಮ್ಮೆಯೂ ಇತ್ತು. ಮರುದಿನ ಮೆಟ್ಟಿಲು ಇಳಿಯಲಿಕ್ಕೆ ಹೋದರೆ ತೊಡೆ ನನ್ನದಲ್ಲ. ಅದರ ಮರುದಿನ ಇನ್ನೂ ಜೋರು. ಕಂಬಿ ಹಿಡಿದು, ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಬಾತ್‌ರೂಮಿನ ಕಥೆ ಇಲ್ಲಿ ಬೇಡ. ಎಂತದೋ ನರ ಹರಿದಿದೆ ಎಂದುಕೊಂಡು ಜಿಮ್ಮಿನ ದಾರಿ ಬಿಟ್ಟೆ. ಆ ಫೀಸು ಎಷ್ಟು ಅಂತ ಮನೆಯಲ್ಲಿ ಇವತ್ತಿನವರೆಗೆ ಹೇಳಿಲ್ಲ. (ಇವರು ಈ ಪೋಸ್ಟ್ ಓದುತ್ತಾರೆ. ಇರಲಿ.)

ಹರಿದದ್ದು ನರ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಭ್ಯಾಸ ಇಲ್ಲದ ಕೆಲಸ ಕೊಟ್ಟಾಗ ಸ್ನಾಯುವಿನ ಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪೆಟ್ಟು ಬೀಳುತ್ತದೆ. ಏಳುವಾಗಿನದಕ್ಕಿಂತ ಕೂರುವಾಗ, ಹತ್ತುವಾಗಿನದಕ್ಕಿಂತ ಇಳಿಯುವಾಗ ಈ ಪೆಟ್ಟು ಜಾಸ್ತಿ. ನೋವು ಕೂಡಲೇ ಬರುವುದಿಲ್ಲ. 24ರಿಂದ 72 ಗಂಟೆಯ ನಡುವೆ ಜೋರಾಗಿ, ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ. ಅದೇ ಕೆಲಸವನ್ನು ಇನ್ನೊಂದು ಸಲ ಮಾಡಿದರೆ ಅಷ್ಟು ನೋಯುವುದಿಲ್ಲ. "ಅಕ್ಕಾ, ನಾಳೆ ನಾಡಿದ್ದು ನೋವಾಗ್ತದೆ, ಹೆದರಬೇಡಿ" ಎಂದು ಆ ಹುಡುಗ ಒಂದು ಮಾತು ಹೇಳಿದ್ದರೆ ಸಾಕಿತ್ತು. 60ರ ಬದಲು 10 ಹೊಡೆಸಿದ್ದರೆ ಇನ್ನೂ ಒಳ್ಳೆಯದಿತ್ತು.

ವ್ಯಾಯಾಮ ಶುರು ಮಾಡದವರನ್ನೆಲ್ಲ ಸೋಮಾರಿಗಳು ಅಂತ ಬರೆಯುವವರು ಈ ಫೇಸ್‌ಬುಕ್ಕಿನಲ್ಲಿ ಬಹಳ ಜನ ಇದ್ದಾರೆ. ನನಗೆ ಅದು ಒಪ್ಪಿಗೆ ಇಲ್ಲ. ಬೆಳಿಗ್ಗೆ ಎದ್ದು ಆರು ಜನರಿಗೆ ನೀರ್ದೋಸೆ ಎರೆಯುವವಳು ಸೋಮಾರಿ ಹೇಗಾಗುತ್ತಾಳೆ? ನನಗಿದ್ದದ್ದು ನಾಚಿಕೆ. ಗೊತ್ತಿಲ್ಲದ ಕೆಲಸವನ್ನು ಗೊತ್ತಿದ್ದವರ ಎದುರು ಮಾಡುವ ನಾಚಿಕೆ. ಅದಕ್ಕೆ "ಮನಸ್ಸು ಗಟ್ಟಿ ಮಾಡಿ" ಎಂಬ ಉಪದೇಶ ಮದ್ದಲ್ಲ. ಯಾರೂ ನೋಡದ ಒಂದು ಜಾಗ, ಒಂದು ಹೊತ್ತು ಸಿಕ್ಕಿದರೆ ಸಾಕು.

ಯಕ್ಷಗಾನದವರಿಗೆ ಇದು ಎಂದೋ ಗೊತ್ತಿತ್ತು. ಸಣ್ಣವಳಿದ್ದಾಗ ಅಪ್ಪನ ಜೊತೆ ಬಯಲಾಟಕ್ಕೆ ಹೋಗುತ್ತಿದ್ದೆ. ಬೇಗ ಹೋದರೆ ಪೂರ್ವರಂಗ, ಅಂದರೆ ಕಥೆ ಶುರುವಾಗುವ ಮೊದಲಿನ ಕುಣಿತ, ಸಿಗುತ್ತಿತ್ತು. ಎದುರಿಗೆ ಹತ್ತು ಜನ ಇಲ್ಲ, ಕಡ್ಲೆ ಮಾರುವವರು ಇನ್ನೂ ಗ್ಯಾಸ್‌ಲೈಟ್ ಹೊತ್ತಿಸುತ್ತಿದ್ದಾರೆ, ಅಷ್ಟರಲ್ಲಿ ರಂಗಸ್ಥಳಕ್ಕೆ ಕೋಡಂಗಿ ಬರುತ್ತಿದ್ದ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ಮೊದಲು ಕೊಡುತ್ತಿದ್ದದ್ದು ಆ ವೇಷವೇ. ಹೆಜ್ಜೆ ತಪ್ಪುತ್ತಿತ್ತು, ತಾಳ ತಪ್ಪುತ್ತಿತ್ತು, ಯಾರಿಗೂ ಅದರ ಗೊಡವೆ ಇರಲಿಲ್ಲ. ಅಲ್ಲಿಂದ ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಪುಂಡುವೇಷ. ಮೊದಲ ದಿನವೇ ಎರಡನೇ ವೇಷದ, ಅಂದರೆ ಮುಖ್ಯ ಪಾತ್ರದ, ಕಿರೀಟ ಕಟ್ಟಿ ನಡುರಾತ್ರಿಯ ಜನಸಾಗರದ ಎದುರು ಯಾರನ್ನೂ ದೂಡುತ್ತಿರಲಿಲ್ಲ. ನನಗೆ ಜಿಮ್ಮಿನಲ್ಲಿ ಆದದ್ದು ಅದೇ ಅಲ್ವಾ?

ಹಾಗೆ ಕಳೆದ ನವೆಂಬರಿನಲ್ಲಿ ನಾನು ಕೋಡಂಗಿ ವೇಷ ಕಟ್ಟಿದೆ. ಬೆಳಿಗ್ಗೆ 5.40, ಅಜ್ಜರಕಾಡು ಮೈದಾನ, ಇನ್ನೂ ಕತ್ತಲೆ. ಹಳೇ ಚೂಡಿದಾರ, ಬೂಷ್ಟಿನ ವಾಸನೆಯ ಶೂ. ಕಿವಿಗೆ ಫೋನು ಹಿಡಿದಿದ್ದೆ, ಯಾರ ಜೊತೆಗೋ ಮಾತಾಡುತ್ತಾ ಸುಮ್ನೆ ನಡೆಯುತ್ತಿರುವವಳ ಹಾಗೆ. ಆ ಕಡೆಯಲ್ಲಿ ಯಾರೂ ಇರಲಿಲ್ಲ. ಒಂದು ಸುತ್ತು ಹಾಕಿ ಮನೆಗೆ ಬಂದೆ. ಅಷ್ಟೇ. ಮರುದಿನವೂ ಒಂದೇ ಸುತ್ತು. ಇನ್ನೊಂದು ಹಾಕಬಹುದಿತ್ತು, ಬೇಕೆಂದೇ ಹಾಕಲಿಲ್ಲ.

ಮೂರನೇ ವಾರಕ್ಕೆ ಗೊತ್ತಾಯಿತು, ನನ್ನನ್ನು ಅಲ್ಲಿ ಯಾರೂ ನೋಡುತ್ತಿಲ್ಲ. ಓಡುವ ಹುಡುಗರ ಕಣ್ಣು ಅವರ ವಾಚಿನ ಮೇಲೆ. ಹಿರಿಯರ ಗುಂಪಿಗೆ ರಾಜಕೀಯವೇ ಸಾಲುತ್ತಿರಲಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ, 2000ದಲ್ಲಿ ಅದು ಪ್ರಕಟವಾಯಿತು. ಹಾಕಲು ನಾಚಿಕೆಯಾಗುವಂಥ ಟಿ-ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಜನ ಕೂತ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬಹುದು ಅಂತ ಹಾಕಿಕೊಂಡವರ ಅಂದಾಜು. ನಿಜಕ್ಕೂ ಗಮನಿಸಿದವರು ಕಾಲು ಭಾಗದಷ್ಟು. ಉಡುಪಿಯಲ್ಲಿ ಕಾಲು ಭಾಗ ಅಂದರೂ ಕಡಿಮೆ ಅಲ್ಲ, ಆ ಮಾತು ಬೇರೆ.

ಮೊದಮೊದಲು ಒಂದು ಸುತ್ತಿಗೇ ಬೆವರಿ ಒದ್ದೆಯಾಗುತ್ತಿದ್ದೆ. ನನ್ನ ದೇಹವೇ ಸರಿ ಇಲ್ಲ ಅನ್ನಿಸುತ್ತಿತ್ತು. ನಮ್ಮ ಕರಾವಳಿಯ ಹವೆಯದ್ದೂ ಅದರಲ್ಲಿ ಪಾಲಿದೆ. ಬೆವರು ಆರಿದರೆ ಮೈ ತಣಿಯುತ್ತದೆ, ಸುರಿದರೆ ಅಲ್ಲ. ಇಲ್ಲಿ ಗಾಳಿಯಲ್ಲೇ ನೀರು ತುಂಬಿರುವಾಗ ಅದು ಎಲ್ಲಿ ಆರಬೇಕು? ಹಾಗಾಗಿ ಬೆಂಗಳೂರಿನ ತಂಗಿಯ ವೇಗಕ್ಕೆ ನನ್ನದನ್ನು ಹೋಲಿಸುವುದು ಬಿಟ್ಟೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟಿದ್ದರೆ ವೇಗ ಸರಿ ಇದೆ ಅಂತ ಲೆಕ್ಕ. (ನಾನು ಹಾಡಿದರೆ ಮೈದಾನ ಖಾಲಿಯಾದೀತು.) ಎದೆ ನೋವು, ತಲೆ ತಿರುಗುವುದು ಇದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ, ಅದಕ್ಕೆ ನನ್ನ ಪೋಸ್ಟ್ ಸಾಕಾಗುವುದಿಲ್ಲ.

ದಿನಕ್ಕೆ 10,000 ಹೆಜ್ಜೆ ಎಂಬ ಲೆಕ್ಕವೂ ನನ್ನನ್ನು ಬಹಳ ಹೆದರಿಸಿತ್ತು. ಅದು ಡಾಕ್ಟರುಗಳು ಕೂತು ಬರೆದ ಲೆಕ್ಕ ಅಲ್ಲವಂತೆ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರೇ 'ಹತ್ತು ಸಾವಿರ ಹೆಜ್ಜೆ ಮೀಟರ್' ಅನ್ನುವ ಅರ್ಥದ್ದು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ. ಮೊದಲು ಅವರೂ ಒಮ್ಮೆಗೆ ಕನಿಷ್ಠ 10 ನಿಮಿಷ ಆಗಬೇಕು ಅನ್ನುತ್ತಿದ್ದರು. 2020ರಲ್ಲಿ ಆ ಷರತ್ತು ಬಿಟ್ಟರು. ನನ್ನ ಒಂದು ಸುತ್ತಿಗೆ ಐದೂವರೆ ನಿಮಿಷ ಬೇಕಿತ್ತು. ಅದೂ ಲೆಕ್ಕಕ್ಕಿದೆ ಅಂತ ಓದಿದ ದಿನ ನಾನು ಬನ್ಸ್ ತಿಂದು ಸಂತೋಷಪಟ್ಟೆ.

ಈಗ ಆರು ಸುತ್ತು ಆಗುತ್ತದೆ. ಫೋನು ಮನೆಯಲ್ಲೇ ಇರುತ್ತದೆ. ಮಳೆ ಜೋರಿದ್ದರೆ ಮನೆಯ ಚಾವಡಿಯಲ್ಲೇ ಹಿಂದೆ ಮುಂದೆ ನಡೆಯುತ್ತೇನೆ, ಕುರ್ಚಿ ಹಿಡಿದು 10 ಬಸ್ಕಿ ಹೊಡೆಯುತ್ತೇನೆ. ತೂಕ ಎಷ್ಟು ಇಳಿಯಿತು ಅಂತ ಕಮೆಂಟಿನಲ್ಲಿ ಕೇಳುವವರಿಗೆ ಮೊದಲೇ ಹೇಳುತ್ತೇನೆ, ನೋಡಿಲ್ಲ. ಮೆಟ್ಟಿಲು ಮಾತ್ರ ನೇರವಾಗಿ ಇಳಿಯುತ್ತೇನೆ.

ಶುಗರ್ ಬಂತಾ ಅಂತ ಕೇಳಿದ ಪಕ್ಕದ ಮನೆಯವರು ಮೊನ್ನೆ ಬಾವಿಕಟ್ಟೆಯ ಹತ್ತಿರ ನಿಲ್ಲಿಸಿ, ದನಿ ತಗ್ಗಿಸಿ ಕೇಳಿದರು: "ನೀವು ಹೋಗುವಾಗ ಅಲ್ಲಿ ಜನ ಇರ್ತಾರಾ? ಚಪ್ಪಲಿಯಲ್ಲೇ ಬಂದರೆ ಆಗ್ತದಾ?"

"ಕತ್ತಲೆ ಇರ್ತದೆ, ಬನ್ನಿ" ಅಂದೆ.

ಎರಡು ವಾರ ಆಯಿತು. ಇನ್ನೂ ಬಂದಿಲ್ಲ. ನಾನೂ ಮತ್ತೆ ಕೇಳಿಲ್ಲ. ನನಗೇ ಏಳು ತಿಂಗಳು ಬೇಕಾಗಿತ್ತು.