ಹಿತ್ತಾಳೆ ಮೇಲೊಂದು ಹೆಸರು, ದಿವಾಳಿಯಾದ ಅಂಗಡಿಯೊಂದು

ಹಳೇ ಮೈಕ್ರೋಸ್ಕೋಪುಗಳ ಹರಾಜಿನ ಪಟ್ಟಿ ನೋಡುವ ಚಟ ನನಗೆ. ಕೊಳ್ಳುವ ತಾಕತ್ತಿಲ್ಲ, ನೋಡೋಕೇನೂ ಕಾಸು ಕೊಡಬೇಕಿಲ್ಲವಲ್ಲ! ಅಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳೋದು ‘ಕಫ್ ಮಾದರಿ’. ಮೈಮೇಲೆ ಕೆತ್ತಿರುವ ಹೆಸರು ಮಾತ್ರ ಬೇರೆ ಯಾರದೋ.

ಜಾನ್ ಕಫ್ ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಕನ್ನಡಕ, ಮೈಕ್ರೋಸ್ಕೋಪು ಮಾರುತ್ತಿದ್ದವನು. ಆಗ ಎಲ್ಲೆಡೆ ಇದ್ದದ್ದು ಮೂರು ಕಾಲಿನ ಕಲ್ಪೆಪರ್ ಮಾದರಿ. ನೋಡೋಕೆ ಚೆಂದ, ಬಳಸುವವನಿಗೆ ಪೀಕಲಾಟ. ವಸ್ತು ಇಡೋಕೆ ಹೋದರೆ ಕೈಗೆ ಆ ಕಾಲುಗಳೇ ಅಡ್ಡ. ಫೋಕಸ್ ಮಾಡಲು ಕೊಳವೆಯನ್ನೇ ಹಿಡಿದು ಎಳೆಯಬೇಕು; ಒಂಚೂರು ಜಾಸ್ತಿ ಜಗ್ಗಿದರೆ ಕಂಡದ್ದೂ ಮಾಯ. ಹೆನ್ರಿ ಬೇಕರ್ ಎಂಬ ಪ್ರಕೃತಿಪ್ರಿಯ ಈ ತಕರಾರನ್ನು ಕಫ್ ಮುಂದಿಟ್ಟ. 1744ರಲ್ಲಿ ಉತ್ತರ ಸಿದ್ಧವಿತ್ತು: ಪಕ್ಕಕ್ಕೆ ನಿಂತ ಹಿತ್ತಾಳೆ ಕಂಬ, ಕೈಯಾಡಿಸಲು ಜಾಗವಿರುವ ವೇದಿಕೆ, ನವಿರಾಗಿ ಫೋಕಸ್ ಮಾಡಲು ತಿರುಪು, ಅಡಿಯಲ್ಲಿ ಡ್ರಾಯರ್ ಇರುವ ಮರದ ಪೆಟ್ಟಿಗೆ.

ಗಿರಾಕಿ ಗೊಣಗಿದ್ದನ್ನು ಕಿವಿಗೆ ಹಾಕಿಕೊಂಡ ಅಂಗಡಿಯವನು ಇವನು. ವಿಜ್ಞಾನದ ಚರಿತ್ರೆಯಲ್ಲಿ ಲೆನ್ಸಿನಲ್ಲಿ ಇಣುಕಿದವರಿಗೆ ಪುಟಗಟ್ಟಲೆ ಜಾಗ, ಅದನ್ನು ಮಾರಿದವನಿಗೆ ಅಡಿಟಿಪ್ಪಣಿ. ನನಗಿದು ಶುದ್ಧ ಅನ್ಯಾಯ ಅನಿಸುತ್ತದೆ.

ಕಫ್ ಪೇಟೆಂಟ್ ಪಡೆದಿರಲಿಲ್ಲ. ಊರವರೆಲ್ಲ ನಕಲು ಮಾಡಿದರು. 1750ರಲ್ಲಿ ಅವನು ದಿವಾಳಿ. ಸಾಲದ್ದಕ್ಕೆ, ಮುಂದೆ ಬೆಂಜಮಿನ್ ಮಾರ್ಟಿನ್ ಎಂಬ ಮಾತುಗಾರ ಪಕ್ಕದಲ್ಲೇ ಅಂಗಡಿ ತೆರೆದ. ಉಪನ್ಯಾಸ, ಪುಸ್ತಕ, ಜಾಹೀರಾತು ಎಲ್ಲದರಲ್ಲೂ ನಿಸ್ಸೀಮ. ಕಫ್ ಸ್ಟ್ರಾಂಡ್ ಬೀದಿಗೆ ಗಂಟುಮೂಟೆ ಕಟ್ಟಿದ.

‘ಪೇಟೆಂಟ್ ಇದ್ದಿದ್ದರೆ ಬಚಾವಾಗುತ್ತಿದ್ದ’ ಅನ್ನುವವರು ಲಂಡನ್ನಿನಲ್ಲೇ ಲೆನ್ಸಿನ ಅಂಗಡಿ ಇಟ್ಟಿದ್ದ ಡಾಲಂಡ್ ಮನೆತನದ ಕಥೆ ಓದಬೇಕು. ಬಣ್ಣದ ಅಂಚು ಕಾಣದ ದೂರದರ್ಶಕದ ಲೆನ್ಸಿಗೆ ಜಾನ್ ಡಾಲಂಡ್ 1758ರಲ್ಲಿ ಪೇಟೆಂಟ್ ಪಡೆದ. ಅಂಥ ಲೆನ್ಸನ್ನು ಚೆಸ್ಟರ್ ಮೂರ್ ಹಾಲ್ ಎಂಬ ವಕೀಲ ಮೊದಲೇ ಮಾಡಿಸಿದ್ದ! ಆದರೂ ಮಗ ಪೀಟರ್ ಹಲವು ಅಂಗಡಿಯವರನ್ನು ಕೋರ್ಟಿಗೆಳೆದು ಗೆದ್ದ. ಕಂಡುಹಿಡಿದ ಹಾಲ್‌ಗೆ ಏನೂ ಸಿಗಲಿಲ್ಲ, ಡಾಲಂಡ್ ಹೆಸರು ಶತಮಾನಗಟ್ಟಲೆ ಮೆರೆಯಿತು. ಗೆದ್ದದ್ದು ಕಂಡುಹಿಡಿದವನಲ್ಲ, ಪೇಟೆಂಟ್ ಹಿಡಿದು ಕೋರ್ಟಿನಲ್ಲಿ ಕಾದಾಡಿದವನು. ಹಾಗಾಗಿ ಬರೀ ಪೇಟೆಂಟ್ ಕಾಗದ ಕಫ್‌ನನ್ನು ಕಾಪಾಡುತ್ತಿತ್ತು ಅನ್ನೋದು ನನಗೆ ಅನುಮಾನ.

ಸಂಗ್ರಾಹಕರಿಗೆ ಒಂದು ಮಾತು. ಕೆಲಸಗಾರರಿಂದ ಮಾಡಿಸಿ ತಮ್ಮ ಹೆಸರು ಕೆತ್ತಿಸೋದು ಆಗಿನ ಅಂಗಡಿಗಳಲ್ಲಿ ಮಾಮೂಲು. ಕೆತ್ತಿದ ಹೆಸರಿದ್ದ ಕೂಡಲೇ ‘ಇಂಥವರೇ ಮಾಡಿದ್ದು’ ಅಂತ ರೇಟು ಏರಿಸೋದನ್ನು ನೋಡಿದರೆ ನಗು ಬರುತ್ತೆ. ಅಂಗಡಿಯ ವಿಳಾಸ, ಅದು ಯಾವ ವರ್ಷಗಳಲ್ಲಿ ಅಲ್ಲಿತ್ತು, ಪಕ್ಕದವನು ಯಾರು, ಇಷ್ಟು ವಿಚಾರಿಸಿಕೊಂಡು ಆಮೇಲೆ ಬಿಡ್ ಕೂಗಿ.